ಯಾವ ಕಂಪೈಲರು, ಯಾರ ಕಂಪೈಲರು?

‘ನನ್ನ ಮಷೀನಲ್ಲಿ ಬಿಲ್ಡ್ ಆಗ್ತಿದೆಯಲ್ಲ ಸಾರ್!’ ಈ ಮಾತು ಒಮ್ಮೆಯೂ ಕೇಳದ ಪ್ರೋಗ್ರಾಮರ್ ಇದ್ದರೆ ಕೂರಿಸಿ ದೃಷ್ಟಿ ತೆಗೆಯಬೇಕು. ಹೇಳುವವರು ಸುಳ್ಳು ಹೇಳುವುದಿಲ್ಲ, ತಲೆನೋವೇ ಅದು.

ನಮ್ಮ ತಂಡದ ಹುಡುಗನೊಬ್ಬ ಹಾಗೆ ಅಂದ ದಿನ ಅವನ ಲ್ಯಾಪ್‌ಟಾಪಿನಲ್ಲಿದ್ದದ್ದು ಉಬುಂಟು 14.04, ಅದರೊಂದಿಗೆ ಬಂದ ಜಿಸಿಸಿ 4.8. ಬಿಲ್ಡ್ ಸರ್ವರನ್ನು ಹಿಂದಿನ ವಾರವಷ್ಟೇ 16.04ಕ್ಕೆ ಏರಿಸಿದ್ದರು, ಅಲ್ಲಿ ಜಿಸಿಸಿ 5. ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಆದರೂ ಸರ್ವರಿನ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಪುಟಗಟ್ಟಲೆ ಕಾರಿಕೊಂಡಿತ್ತು. ಸಾಲುಸಾಲಿನಲ್ಲೂ ‘ಸಿಎಕ್ಸ್‌ಎಕ್ಸ್11’ ಎಂಬ ತುಣುಕು.

ಗುಟ್ಟು ಇದ್ದದ್ದು ಆ ತುಣುಕಿನಲ್ಲೇ. ಹಳೆಯ ಜಿಸಿಸಿಯಲ್ಲಿ ಸಿ++ ಸ್ಟ್ರಿಂಗ್ ಅಂದರೆ ಬರೀ ಒಂದು ಪಾಯಿಂಟರ್, 64 ಬಿಟ್ ಯಂತ್ರದಲ್ಲಿ 8 ಬೈಟು. ನಕಲು ಮಾಡಿದಂತೆ ತೋರಿಸಿ, ಯಾರಾದರೂ ತಿದ್ದುವವರೆಗೆ ಎಲ್ಲರಿಗೂ ಒಂದೇ ಪ್ರತಿ ಹಂಚುವ ಜುಗ್ಗತನ ಅದರದು. 2011ರ ಸಿ++ ನಿಯಮ ಅದಕ್ಕೆ ಅವಕಾಶ ಕೊಡಲಿಲ್ಲ. 2015ರಲ್ಲಿ ಬಂದ ಜಿಸಿಸಿ 5ರ ಹೊಸ ಸ್ಟ್ರಿಂಗ್ 32 ಬೈಟಿನದು. 15 ಅಕ್ಷರದೊಳಗಿನ ಪದವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಎರಡಕ್ಕೂ ಕೋಡಿನಲ್ಲಿ ಬರೆಯುವ ಹೆಸರು ಒಂದೇ. ನಿಮ್ಮೂರ ಸೇರು ಬೇರೆ, ನಮ್ಮೂರ ಸೇರು ಬೇರೆ ಅನ್ನುತ್ತಿದ್ದರಲ್ಲ, ಹಾಗೆ. ಜಿಸಿಸಿಯವರ ಜಾಣತನವೆಂದರೆ ಆಬ್ಜೆಕ್ಟ್ ಫೈಲಿನೊಳಗೆ ಹೊಸತಕ್ಕೆ ಬೇರೆ ಹೆಸರಿಟ್ಟದ್ದು. ಹಾಗಾಗಿ ಜಗಳ ಬಹುಮಟ್ಟಿಗೆ ಲಿಂಕ್ ಆಗುವಾಗಲೇ ಬಯಲಾಗುತ್ತದೆ, ಗಿರಾಕಿಯ ಮನೆಯಲ್ಲಿ ಅಲ್ಲ. ಬೈದ ಲಿಂಕರಿಗೆ ನಾನಂತೂ ಕೈಮುಗಿಯುತ್ತೇನೆ.

ತಪ್ಪು ಯಾರದು? ಪ್ರಾಜೆಕ್ಟಿನ ಒಂದು ಫೋಲ್ಡರಿನಲ್ಲಿ, ಯಾವಾಗಲೋ ಯಾರೋ 4.8ರಲ್ಲಿ ಬಿಲ್ಡ್ ಮಾಡಿಟ್ಟ ಲೈಬ್ರರಿ ಮಲಗಿತ್ತು. ಹುಡುಗ ಹುಡುಕಿ ಒಂದು ಮ್ಯಾಕ್ರೋ ತಂದ; ಅದನ್ನು ಸೊನ್ನೆ ಮಾಡಿದರೆ ಹೊಸ ಕಂಪೈಲರೂ ಹಳೇ ಸ್ಟ್ರಿಂಗನ್ನೇ ಬಳಸುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಆ ಸೊನ್ನೆ ಒಮ್ಮೆ ಬಿಲ್ಡ್ ಫೈಲಿಗೆ ಹೊಕ್ಕರೆ ಹತ್ತು ವರ್ಷ ತೆಗೆಯುವವರಿಲ್ಲ. ಲೈಬ್ರರಿಯನ್ನೇ ಮತ್ತೆ ಬಿಲ್ಡ್ ಮಾಡಿಸಿದೆ.

ಎಲ್ಲರ ಮಷೀನಲ್ಲೂ ಒಂದೇ ಆವೃತ್ತಿಯ ಕಂಪೈಲರ್ ಇರುವಂತೆ ನೋಡಿಕೊಳ್ಳುವ ವಿಷಯದಲ್ಲಿ ರಸ್ಟ್‌ನವರು ಪುಣ್ಯವಂತರು. ‘ರಸ್ಟ್-ಟೂಲ್‌ಚೈನ್’ ಎಂಬ ಪುಟ್ಟ ಫೈಲಿನಲ್ಲಿ ಆವೃತ್ತಿ ಬರೆದು ಕೋಡಿನ ಜೊತೆ ಇಟ್ಟರೆ, ರಸ್ಟ್‌ಅಪ್ ಅದನ್ನೇ ಇಳಿಸಿಕೊಂಡು ಓಡಿಸುತ್ತದೆ. ಗೋ ಭಾಷೆಗೂ 2023ರ 1.21ರಿಂದ ಇಂಥದ್ದೇ ಅನುಕೂಲ. ಸಿ, ಸಿ++ ಮಂದಿಗೆ ಆ ಭಾಗ್ಯವಿಲ್ಲ. ಡಾಕರ್ ಇಮೇಜೇ ಗತಿ. ಅದಕ್ಕೂ ‘ಲೇಟೆಸ್ಟ್’ ಎಂಬ ಟ್ಯಾಗ್ ಹಾಕಿಟ್ಟವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಇಂದಿನ ಲೇಟೆಸ್ಟ್ ಮುಂದಿನ ವರ್ಷ ಯಾವುದು?

ಹಾಗಂತ ಒಂದೇ ಆವೃತ್ತಿಗೆ ಗೂಟ ಹೊಡೆದು ಕೂರುವುದೂ ಸಲ್ಲ. ಜಿಸಿಸಿ 10 ಬಂದಾಗ, ಹೆಡರಿನಲ್ಲಿ ಅಡ್ಡಾದಿಡ್ಡಿ ಗ್ಲೋಬಲ್ ವೇರಿಯೇಬಲ್ ಬರೆದ ಹಳೆಯ ಸಿ ಪ್ರಾಜೆಕ್ಟುಗಳು ‘ಮಲ್ಟಿಪಲ್ ಡೆಫಿನಿಷನ್’ ಎಂದು ಒಟ್ಟಿಗೇ ಮಗುಚಿದವು. ಅಸಲಿ ಬಿಲ್ಡ್ ಗೊತ್ತಾದ ಆವೃತ್ತಿಯಲ್ಲೇ ನಡೆಯಲಿ. ಪಕ್ಕದಲ್ಲಿ ಮುಂದಿನ ಆವೃತ್ತಿಯ ಬಿಲ್ಡೊಂದು ವಾರಕ್ಕೊಮ್ಮೆ ಓಡಲಿ, ಕೆಂಪಾದರೂ ಪರವಾಗಿಲ್ಲ.

ಯಾವ ಫೈಲು ಯಾವ ಆವೃತ್ತಿಯಲ್ಲಿ ಬಿಲ್ಡ್ ಆದದ್ದೆಂದು ತಿಳಿಯಲೂ ದಾರಿಯಿದೆ. ಜಿಸಿಸಿ ತಾನು ಕಂಪೈಲ್ ಮಾಡಿದ ಪ್ರತಿ ಆಬ್ಜೆಕ್ಟ್ ಫೈಲಿನ ‘.ಕಮೆಂಟ್’ ವಿಭಾಗದಲ್ಲಿ ತನ್ನ ಹೆಸರು, ಆವೃತ್ತಿ ಬರೆದಿಡುತ್ತದೆ. ‘ರೀಡ್‌ಎಲ್ಫ್’ ಕಮಾಂಡಿಗೆ ‘-ಪಿ’ ಹಾಕಿ ಕೇಳಿದರೆ ಓದಿ ಹೇಳುತ್ತದೆ. ಹುಡುಗನಿಗೆ ಅದನ್ನು ತೋರಿಸಿದ್ದೇ ತಪ್ಪಾಯಿತು, ಕೈಗೆ ಸಿಕ್ಕಿದ ಬೈನರಿಯನ್ನೆಲ್ಲ ಬಿಚ್ಚಿ ನೋಡತೊಡಗಿದ. ಮರುದಿನ ಓಡಿ ಬಂದು, ‘ಸಾರ್, ಎಲ್ಲ ಹೊಸದಾಗಿ ಬಿಲ್ಡ್ ಮಾಡಿದ್ರೂ ಇದರಲ್ಲಿ ಇನ್ನೊಂದು ಆವೃತ್ತಿ ತೋರಿಸ್ತಿದೆ!’ ಅಂದ.

‘ಅದು ಗ್ಲಿಬ್‌ಸಿಯ ಸ್ಟಾರ್ಟಪ್ ಫೈಲುಗಳದ್ದು ಕಣಯ್ಯ, ಉಬುಂಟುವಿನವರು ಬಿಲ್ಡ್ ಮಾಡಿದ್ದು’ ಅಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಯಾವ ಆವೃತ್ತಿಯಲ್ಲಿ ಅಂತ ಬರೆದಿಟ್ಟುಕೊಳ್ಳುತ್ತ ಹೋದ.