ಕುರ್ಚಿ ಎಳೆದುಕೊಂಡು ಕೂರುವುದು

ವಿಲಿಯಂ ಎಚ್. ವೈಟ್ ಅವರ ‘ದಿ ಸೋಶಿಯಲ್ ಲೈಫ್ ಆಫ್ ಸ್ಮಾಲ್ ಅರ್ಬನ್ ಸ್ಪೇಸಸ್’ 1980ರಲ್ಲಿ ಬಂದ ಸಣ್ಣ ಪುಸ್ತಕ. ನ್ಯೂಯಾರ್ಕಿನ ಚೌಕಗಳಲ್ಲಿ, ಪುಟ್ಟ ಪಾರ್ಕುಗಳಲ್ಲಿ ಜನ ಎಲ್ಲಿ ಕೂರುತ್ತಾರೆ, ಯಾಕೆ ಅಲ್ಲೇ ಕೂರುತ್ತಾರೆ ಎಂದು ವೈಟ್ ಮತ್ತು ಅವರ ತಂಡ ಕ್ಯಾಮೆರಾ ಇಟ್ಟುಕೊಂಡು ವರ್ಷಗಟ್ಟಲೆ ನೋಡಿದ್ದರ ಫಲ ಅದು. ಅದೇ ಹೆಸರಿನ ಸಾಕ್ಷ್ಯಚಿತ್ರವೂ ಇದೆ. ನಗರ ಯೋಜನೆಯ ವಿದ್ಯಾರ್ಥಿಗಳು ಇದನ್ನು ಪಠ್ಯವಾಗಿ ಓದುತ್ತಾರೆ. ನಾನು ಕಥೆ ಓದುವ ಹಾಗೆ ಓದಿದೆ. ಒಂದು ಸಣ್ಣ ದೃಶ್ಯದಲ್ಲಿ ಸಿಕ್ಕಿಬಿದ್ದೆ.

ಒಬ್ಬರು ಬರುತ್ತಾರೆ. ಬಿಡಿ ಕುರ್ಚಿಯೊಂದನ್ನು ಹಿಡಿದು ತುಸು ಆಚೆ ಎಳೆಯುತ್ತಾರೆ, ಆಮೇಲೆ ಕೂರುತ್ತಾರೆ. ಬಿಸಿಲು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಕೆಲವೊಮ್ಮೆ ಕುರ್ಚಿ ಮೊದಲಿದ್ದ ಜಾಗಕ್ಕೇ ವಾಪಸ್ ಬಂದಿರುತ್ತದೆ. ಆಯ್ಕೆ ತನ್ನದೇ ಎಂದು ತನಗೂ ಸುತ್ತಲಿನವರಿಗೂ ತೋರಿಸಿಕೊಳ್ಳುವ ರೀತಿ ಅದು ಎಂಬುದು ವೈಟ್ ಅವರ ವ್ಯಾಖ್ಯಾನ. ಪಕ್ಕದಲ್ಲಿ ಅಪರಿಚಿತರಿದ್ದರೆ, ನಿಮ್ಮ ಪಾಡಿಗೆ ನೀವಿರಿ ಎಂದು ಹೇಳುವ ಮರ್ಯಾದೆಯೂ ಹೌದು.

ಓದುವಾಗ ಅಪ್ಪ ನೆನಪಾದರು. ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ನಮ್ಮ ಬಡಾವಣೆಯ ಪಾರ್ಕಿನ ಸಿಮೆಂಟ್ ಬೆಂಚಿನ ಎಡತುದಿ ಸಿಕ್ಕರೆ ಸ್ನೇಹಿತರೆಲ್ಲ ಬಲಕ್ಕೆ ಬರುತ್ತಾರೆ, ಮಾತು ನಡೆಯುತ್ತದೆ. ಆ ತುದಿಯಲ್ಲಿ ಬೇರೆ ಯಾರಾದರೂ ಕೂತಿದ್ದರೆ ಎರಡು ಸುತ್ತು ನಡೆದು ಮನೆಗೆ ಬಂದು ‘ಇವತ್ತು ಯಾರೂ ಸಿಗಲಿಲ್ಲ’ ಎನ್ನುತ್ತಾರೆ. ಆ ಬೆಂಚು ಯಾರನ್ನೂ ಬೇಡ ಎಂದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕು ಅಷ್ಟೇ, ಬಸ್ಸಿನಲ್ಲಿ ಕೂತ ಹಾಗೆ. ವೈಟ್ ಅವರ ಕ್ಯಾಮೆರಾ ಹೆಚ್ಚಾಗಿ ಹಿಡಿದದ್ದು ಮಧ್ಯಾಹ್ನದ ಊಟಕ್ಕೆ ಹೊರಬಂದ ಕಚೇರಿಯ ಜನರನ್ನು. ಅವರಿಗೆ ಕುರ್ಚಿ ಸರಿಸುವುದು ಸ್ವಾತಂತ್ರ್ಯದ ಒಂದು ಸಣ್ಣ ಸುಖ. ಸರಿಸಲಾಗದಿದ್ದರೆ ಮಾತೇ ಇಲ್ಲ ಎನ್ನುವವರ ಕಡೆಯಿಂದ ಪುಸ್ತಕ ಇದನ್ನು ಅಷ್ಟಾಗಿ ನೋಡುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

ಪುಸ್ತಕ ಬಂದ ಮೇಲಿನ ವರ್ಷಗಳಲ್ಲಿ ಸಾರ್ವಜನಿಕ ಜಾಗದ ಆಸನಗಳು ಆಟವಾಡಲು ಕಲಿತಿವೆ. ಡೆನ್ಮಾರ್ಕಿನ ಕಲಾವಿದ ಯೆಪ್ಪೆ ಹೈನ್ ಮಾಡುವ ಬೆಂಚುಗಳು ಬಾಗುತ್ತವೆ, ಸುರುಳಿ ಸುತ್ತುತ್ತವೆ, ನಡುವೆ ಕುಸಿಯುತ್ತವೆ. ಚಿತ್ರದಲ್ಲಿ ನೋಡಿದರೂ ನಗು ಬರುತ್ತದೆ. ಆದರೆ ಅಲ್ಲಿನ ಆಟವನ್ನು ಕಲಾವಿದರೇ ಆಡಿ ಮುಗಿಸಿದ್ದಾರೆ. ನಮಗೆ ಉಳಿದದ್ದು ಹೇಗೋ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವುದು. (ಮಕ್ಕಳು ಈ ಮಾತನ್ನು ಒಪ್ಪಲಿಕ್ಕಿಲ್ಲ.)

ವಿಯೆನ್ನಾದ ಮ್ಯೂಸಿಯಮ್ಸ್‌ಕ್ವಾರ್ಟಿಯರ್ ಅಂಗಳಕ್ಕೆ ಪಿಪಿಎಜಿ ಎಂಬ ವಾಸ್ತುಶಿಲ್ಪಿಗಳ ಕಚೇರಿ 2002ರಲ್ಲಿ ಮಾಡಿಕೊಟ್ಟ ‘ಎಂಜಿ’ ಇದಕ್ಕಿಂತ ಉದಾರಿ. ಅದು ಸೋಫಾವೂ ಅಲ್ಲ, ಮಂಚವೂ ಅಲ್ಲ. ಒರಗಬಹುದು, ಕಾಲು ಚಾಚಿ ಮಲಗಬಹುದು, ಮೇಲೆ ಹತ್ತಿ ಕೂರಬಹುದು. ಬಣ್ಣ ಬದಲಾಗುತ್ತಿರುತ್ತದೆ. ಚಳಿಗಾಲದಲ್ಲಿ ಒಂದರ ಮೇಲೊಂದು ಪೇರಿಸಿ ಇಗ್ಲೂ ಕಟ್ಟಿದ್ದೂ ಉಂಟು. ಹೀಗೇ ಕೂರು ಎಂದು ಅದು ಯಾರಿಗೂ ಹೇಳುವುದಿಲ್ಲ. ಆದರೆ ಅದು ಒಬ್ಬರ ಕೈಗೆ ಬರುವ ಗಾತ್ರದ್ದಲ್ಲ. ಜೋಡಣೆ ಬದಲಾಗಬೇಕಾದರೆ ಸಂಸ್ಥೆಯವರೇ ಬರಬೇಕು.

ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಹಸಿರು ಲೋಹದ ಕುರ್ಚಿಗಳಲ್ಲಿ ನೋಡಲು ಯಾವ ತಮಾಷೆಯೂ ಇಲ್ಲ. ಒಂದು ಕಾಲದಲ್ಲಿ ಕೂತರೆ ಬಾಡಿಗೆ ಕೊಡಬೇಕಿತ್ತು, ವಸೂಲಿಗೆ ಹೆಂಗಸರು ಬರುತ್ತಿದ್ದರು. ಈಗ ಬಿಟ್ಟಿ. ಒಂದರಲ್ಲಿ ಕೂತು, ಇನ್ನೊಂದರ ಮೇಲೆ ಕಾಲಿಟ್ಟು, ಕೊಳದ ಕಡೆಗೋ ಗೆಳತಿಯ ಕಡೆಗೋ ತಿರುಗಿಸಿಕೊಳ್ಳುತ್ತಾರೆ. ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಯಾರು ಯಾರ ಜೊತೆ ಕೂತಿದ್ದರು ಎಂಬುದು ಖಾಲಿ ಕುರ್ಚಿಗಳಲ್ಲೇ ಕಾಣುತ್ತದೆ. ಆಟ ಎಂದರೆ ನನಗೆ ಇದು.

ವೈಟ್ ಅವರ ಸಲಹೆಯಂತೆ ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿಗೂ ಇಂಥ ಕುರ್ಚಿಗಳು ಬಂದವು. ಮಾದಕವಸ್ತು ಮಾರುವವರ ತಾಣವಾಗಿದ್ದ ಪಾರ್ಕು 1992ರಲ್ಲಿ ಮತ್ತೆ ತೆರೆಯಿತು. ಅದನ್ನೀಗ ನಡೆಸುವುದು ಒಂದು ಖಾಸಗಿ ಸಂಸ್ಥೆ. ಕುರ್ಚಿಗಳ ಜೊತೆಗೆ ಕಾವಲೂ ಬಂತು. ‘ಬೇಡದವರು’ ಬರಬಾರದೆಂದು ಜಾಗವನ್ನು ಎಲ್ಲರಿಗೂ ಹಿಂಸೆಯಾಗುವಂತೆ ಕಟ್ಟುವವರ ಬಗ್ಗೆ ವೈಟ್ ಸಿಟ್ಟಾಗುವುದು ಸರಿಯೇ. ಆದರೆ ಬೇಡದವರು ಯಾರೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಬಿಡಿ ಕುರ್ಚಿಯೂ ಬಗೆಹರಿಸುವುದಿಲ್ಲ.

ಹೋದ ಭಾನುವಾರ ಆ ಸಾಕ್ಷ್ಯಚಿತ್ರವನ್ನು ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ರಾತ್ರಿ ಯಾರೂ ಎತ್ಕೊಂಡು ಹೋಗಲ್ವೇನೋ?” ಎಂದರು. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನವರು 200ರಷ್ಟು ಕುರ್ಚಿಗಳನ್ನು ಹಗಲೂ ರಾತ್ರಿ ಹೊರಗೇ ಬಿಡುತ್ತಿದ್ದುದನ್ನು ಹೇಳಿದೆ. ದಿನಾ ಒಳಗಿಡಿಸುವ ಖರ್ಚಿಗಿಂತ ಜನರನ್ನು ನಂಬಿ, ಹೋದಷ್ಟನ್ನು ಹೊಸದಾಗಿ ಕೊಳ್ಳುವುದೇ ಅಗ್ಗ ಎಂದು ಅವರ ಲೆಕ್ಕ. ಹಾನಿ ಹೆಚ್ಚೇನೂ ಆಗಲಿಲ್ಲ ಎಂದು ವೈಟ್ ಬರೆದಿದ್ದಾರೆ.

“200 ಯಾಕೆ,” ಎಂದರು ಅಪ್ಪ, “ನಮ್ಮ ಪಾರ್ಕಿಗೆ ಎರಡು ಸಾಕು.”