ತೋರಿಸಲು ಹೋದಾಗ ಸರಿಯಾಗಿರುವ ಕಾರು

ಹಳೆಯ ಕಾರಿನಲ್ಲಿ ಪೂರ್ತಿ ಕೆಟ್ಟುಹೋದ ವಸ್ತುವನ್ನು ಹುಡುಕುವುದು ಕಷ್ಟವಲ್ಲ. ಸುಟ್ಟ ಫ್ಯೂಸು ಯಾವಾಗ ನೋಡಿದರೂ ಸುಟ್ಟೇ ಇರುತ್ತದೆ. ಕಷ್ಟ ಕೊಡುವುದು ಬಂದುಹೋಗುವ ದೋಷ. ಹೆದ್ದಾರಿಯಲ್ಲಿ ಗಕ್ಕನೆ ನಿಂತ ಎಂಜಿನ್ ಗ್ಯಾರೇಜಿನ ಅಂಗಳ ಮುಟ್ಟುವ ಹೊತ್ತಿಗೆ ಸಲೀಸಾಗಿ ಓಡುತ್ತಿರುತ್ತದೆ. ಆಗ ಶುರುವಾಗುತ್ತದೆ ಬದಲಾಯಿಸುವ ಕೆಲಸ: ಮೊದಲು ಕಾಯಿಲ್, ಆಮೇಲೆ ಕಂಡೆನ್ಸರ್, ಪಾಯಿಂಟ್, ಪ್ಲಗ್ಗು, ಕೊನೆಗೆ ಬ್ಯಾಟರಿ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಾಡಿದ್ದೇ ಬಂತು, ದೋಷ ಇದ್ದಲ್ಲೇ ಇರುತ್ತದೆ. ನಾನು ಈ ಪದ್ಧತಿಯನ್ನು ಒಪ್ಪುವುದಿಲ್ಲ. ಬಂದುಹೋಗುವ ದೋಷವನ್ನು ಅದು ಬಂದಿರುವಾಗಲೇ ಅಳೆಯಬೇಕು. ಅದಕ್ಕೆ ತಾಳ್ಮೆ ಬೇಕು, ದುಬಾರಿ ಉಪಕರಣ ಬೇಕಿಲ್ಲ.

ಹಾಸನದ ಕಡೆಯ ಪರಿಚಿತರೊಬ್ಬರ ಅಂಬಾಸಿಡರ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್. ದೂರು ವಿಚಿತ್ರವಾಗಿತ್ತು. ಶಿರಾಡಿ ಘಾಟಿ ಏರುವಾಗ ಗಟ್ಟಿಯಾಗಿ ಎಳೆಯುವ ಗಾಡಿ, ಹಾಸನ ದಾಟಿ ನೇರ ರಸ್ತೆ ಸಿಕ್ಕು ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದ ಕೂಡಲೇ ಮಿಸ್ ಹೊಡೆಯುತ್ತಿತ್ತು, ಒಮ್ಮೊಮ್ಮೆ ನಿಂತೇಬಿಡುತ್ತಿತ್ತು. ಪೆಟ್ರೋಲ್ ಪಂಪ್ ಬಿಚ್ಚಿ ನೋಡಿಯಾಗಿತ್ತು, ಕಾಯಿಲ್ ಹೊಸದು ಬಂದಿತ್ತು.

ಇಂಥ ಕಡೆ ಮೊದಲು ಕೇಳಬೇಕಾದದ್ದು ಎಂಜಿನ್ ಹೇಗೆ ನಿಂತಿತು ಎಂಬುದನ್ನು. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಏದುಸಿರು ಬಿಟ್ಟು, ಒದ್ದಾಡಿ, ನಿಧಾನವಾಗಿ ಸೋಲುತ್ತದೆ. ಕರೆಂಟ್ ಕಡಿದು ನಿಲ್ಲುವ ಎಂಜಿನ್ ಕೀಲಿ ತಿರುಗಿಸಿ ಆರಿಸಿದಂತೆ ಒಂದೇಟಿಗೆ ನಿಲ್ಲುತ್ತದೆ. ಎರಡನೆಯ ಪ್ರಶ್ನೆ: ಗಾಡಿ ನಿಂತ ಮೇಲೆ, ಕೀಲಿ ಮುಟ್ಟದೆ ನೋಡಿದಾಗ, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಉರಿಯುತ್ತಿತ್ತೇ? ಉರಿಯುತ್ತಿದ್ದರೆ ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್‌ವರೆಗಿನ ದಾರಿ ಸರಿಯಿದೆ, ದೋಷ ಅದರಾಚೆ. ದೀಪವೂ ಆರಿದ್ದರೆ ಸ್ವಿಚ್ಚು ಅಥವಾ ಅದಕ್ಕೂ ಹಿಂದಿನ ತಂತಿಯನ್ನು ನೋಡಬೇಕು. ಸ್ಪ್ಯಾನರ್ ಎತ್ತದೆಯೇ ಅರ್ಧ ಕಾರು ಅನುಮಾನದಿಂದ ಪಾರಾಗುತ್ತದೆ. ಗಾಬರಿಯಲ್ಲಿ ಎಲ್ಲರೂ ಮೊದಲು ಕೀಲಿಯನ್ನೇ ತಿರುಗಿಸುವುದರಿಂದ ಈ ಸಾಕ್ಷ್ಯ ಅಳಿಸಿಹೋಗುತ್ತದೆ.

ಈ ಕಾರಿನಲ್ಲಿ ದೀಪ ಉರಿಯುತ್ತಿತ್ತು. ಮುಂದಿನ ಹೆಜ್ಜೆಗೆ ಎರಡು ಸಣ್ಣ ಬಲ್ಬು ಸಾಕು. ಕಾಯಿಲ್‌ಗೆ ಸ್ವಿಚ್‌ನಿಂದ ಕರೆಂಟ್ ಬರುವ ತುದಿಯಿಂದ ಒಂದು, ಡಿಸ್ಟ್ರಿಬ್ಯೂಟರ್ ಕಡೆಗೆ ಹೋಗುವ ತುದಿಯಿಂದ ಇನ್ನೊಂದು; ಎರಡೂ ಬಲ್ಬುಗಳ ಆಚೆಯ ತಂತಿ ಬಾಡಿಗೆ. ತಂತಿಗೆ ಸಣ್ಣ ಫ್ಯೂಸು ಹಾಕಿ ಬಲ್ಬುಗಳನ್ನು ಒಳಗೆ ತಂದು, ಪಕ್ಕದ ಸೀಟಿನಲ್ಲಿ ಕೂತವರಿಗೆ ಗಮನಿಸಲು ಹೇಳಬೇಕು. ಓಡಿಸುವವರು ರಸ್ತೆ ಬಿಟ್ಟು ಬೇರೆಲ್ಲೂ ನೋಡಬಾರದು. ಪಾಯಿಂಟ್ ತೆರೆದಾಗ ಎರಡನೆಯ ಬಲ್ಬು ಉರಿಯುತ್ತದೆ, ಮುಚ್ಚಿದಾಗ ಆರುತ್ತದೆ; ಎಂಜಿನ್ ಓಡುವಾಗ ಅದು ಮಂಕಾಗಿ ಕಾಣುತ್ತದೆ. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ಎಂಜಿನ್ ಸತ್ತು, ಮೊದಲ ಬಲ್ಬು ಆರಿದರೆ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ. ಮೊದಲನೆಯದು ಉರಿಯುತ್ತಿದ್ದು ಎರಡನೆಯದು ಪೂರ್ತಿ ಆರಿದರೆ ಕಾಯಿಲ್ ಒಳಗೆ ಕಡಿದಿದೆ, ಇಲ್ಲವೇ ಆಚೆ ಎಲ್ಲೋ ಬಾಡಿಗೆ ಶಾರ್ಟ್ ಆಗಿದೆ. ಎರಡನೆಯದು ಪ್ರಕಾಶಮಾನವಾಗಿ ಉರಿದರೆ ಪಾಯಿಂಟ್ ಮೂಲಕ ಅರ್ಥ್ ಸಿಗುತ್ತಿಲ್ಲ.

ನೇರ ರಸ್ತೆಯಲ್ಲಿ ಎಂಜಿನ್ ನಿಂತಾಗ ಎರಡನೆಯ ಬಲ್ಬು ಪ್ರಖರವಾಗಿ ಉರಿಯಿತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ ಒಳಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಲ್ಲ. ಕಾರ್ಬ್ಯುರೇಟರ್‌ನಿಂದ ಬರುವ ಸಣ್ಣ ಪೈಪಿನ ವ್ಯಾಕ್ಯೂಮ್ ಆ ತಟ್ಟೆಯನ್ನು ಒಂದಿಷ್ಟು ತಿರುಗಿಸಿ ಕಿಡಿಯನ್ನು ಮುಂಚಿತಗೊಳಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಘಾಟಿ ಏರುವಾಗ ವ್ಯಾಕ್ಯೂಮ್ ಕುಸಿಯುತ್ತದೆ, ತಟ್ಟೆ ಅಲುಗುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಒತ್ತಿದಾಗ ವ್ಯಾಕ್ಯೂಮ್ ಹೆಚ್ಚಿ ತಟ್ಟೆ ತಿರುಗುತ್ತದೆ. ಆಗೆಲ್ಲ ಅದರ ಜೊತೆ ಬಾಗುವುದು ಪಾಯಿಂಟ್‌ಗೆ ಹೋಗುವ ಬೆರಳುದ್ದದ ತಂತಿ. ದಶಕಗಳ ಕಾಲ ಬಾಗಿ ಬಾಗಿ ಅದು ಹೊದಿಕೆಯ ಒಳಗೇ ತುಂಡಾಗಿತ್ತು. ತಟ್ಟೆ ಹಿಂದೆ ಬಂದಾಗ ತುದಿಗಳು ಕೂಡುತ್ತಿದ್ದವು, ಮುಂದೆ ಹೋದಾಗ ಅಗಲುತ್ತಿದ್ದವು. ಪಾಯಿಂಟ್ ಮುಚ್ಚಿರುವಾಗ ಮೀಟರ್ ಹಿಡಿದು, ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದರೆ ನಿಂತಲ್ಲೇ ದೋಷ ಕಾಣಿಸಿಕೊಳ್ಳುತ್ತಿತ್ತು. ಘಾಟಿ ಏರುತ್ತದೆ, ನೇರ ರಸ್ತೆಯಲ್ಲಿ ನಿಲ್ಲುತ್ತದೆ ಎಂಬ ಮಾಲೀಕರ ಮಾತಿನಲ್ಲೇ ಉತ್ತರವಿತ್ತು. ಯಾರೂ ಅದನ್ನು ಬರೆದುಕೊಂಡಿರಲಿಲ್ಲ.

ಎಲ್ಲ ದೋಷವೂ ಇಂಥ ತಂತಿಯದೇ ಆಗಿರುವುದಿಲ್ಲ. ಬಿಸಿಯಾದಾಗ ಸೋತು ತಣಿದಾಗ ಚೇತರಿಸಿಕೊಳ್ಳುವ ಕಂಡೆನ್ಸರ್ ಮತ್ತು ಕಾಯಿಲ್ ಇವೆ. ಮಳೆಗಾಲದ ಮಲೆನಾಡಿನಲ್ಲಿ ಒದ್ದೆ ಕ್ಯಾಪ್, ಕರಾವಳಿಯಲ್ಲಿ ಉಪ್ಪುಗಾಳಿಗೆ ಕಿಲುಬು ಹಿಡಿದ ಫ್ಯೂಸ್ ಹಿಡಿಕೆಗಳು. ಇವೆಲ್ಲ ಸಾಮಾನ್ಯ.

ಆದರೆ ಅರ್ಥಿಂಗ್ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ಅನುಭವಿಗಳನ್ನೂ ಮೀಟರ್ ದಾರಿತಪ್ಪಿಸುವುದು ಇಲ್ಲೇ. ಕೇಬಲ್ಲಿನ ಎಳೆಗಳೆಲ್ಲ ಹೋಗಿ ಒಂದೇ ಎಳೆ ಉಳಿದಿದ್ದರೂ, ಹೊರೆಯಿಲ್ಲದಾಗ ಮೀಟರ್ ನೆಮ್ಮದಿಯಾಗಿ 12 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ಸುಮಾರು 150 ಆಂಪಿಯರ್ ಕೇಳಿದಾಗ, ಎಂಜಿನ್ ಮತ್ತು ಬಾಡಿಯ ನಡುವಿನ ಪಟ್ಟಿಯಲ್ಲಿ ಕೇವಲ 0.01 ಓಮ್ ತಡೆಯಿದ್ದರೂ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹೆಡ್‌ಲೈಟಿಗೆ ಶೇ. 10ರಷ್ಟು ವೋಲ್ಟೇಜ್ ಕಡಿಮೆ ಬಂದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಆದ್ದರಿಂದ ಹೊರೆ ಹಾಕಿಯೇ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಅದರ ಕ್ಲಿಪ್ಪಿನ ಮೇಲಲ್ಲ), ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಯಾರಾದರೂ ಸೆಲ್ಫ್ ಹೊಡೆಯಲಿ. ಸ್ಟಾರ್ಟರ್ ತಿರುಗುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಆ ದಾರಿಯಲ್ಲೇ ಇದೆ. ಈ ಎರಡನೆಯ ಕಡ್ಡಿಯನ್ನು ಮೊದಲು ಕ್ಲಿಪ್ಪಿಗೆ, ಆಮೇಲೆ ಬಾಡಿಗೆ, ಆಮೇಲೆ ಪಟ್ಟಿಯ ಲಗ್ಗಿಗೆ ಸರಿಸುತ್ತಾ ಹೋದರೆ ವೋಲ್ಟ್ ಎಲ್ಲಿ ಜಿಗಿಯುತ್ತದೋ ಅಲ್ಲಿ ಬಣ್ಣವೋ ತುಕ್ಕೋ ಕಿಲುಬೋ ಅಡ್ಡ ಕೂತಿರುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಖರ್ಚಿಲ್ಲದೆ ಕೆಲಸ ಮುಗಿಯಿತು.

ನಿಮ್ಮ ಕಾರು ಹೀಗೆ ಕಾಡುತ್ತಿದ್ದರೆ ಒಂದು ಪುಸ್ತಕ ಇಟ್ಟುಕೊಳ್ಳಿ. ಏರೋ ಸಮತಟ್ಟೋ, ಬಿಸಿಯೋ ತಣ್ಣಗೋ, ಮಳೆಯಿತ್ತೋ, ಕೆಂಪು ದೀಪ ಉರಿಯುತ್ತಿತ್ತೋ, ಎಷ್ಟು ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಎಂದು ಬರೆಯಿರಿ. ಅದನ್ನು ಮೆಕ್ಯಾನಿಕ್ ಕೈಗೆ ಕೊಡಿ. ಅಳತೆ ಮಾಡದೆ ಕಾಯಿಲ್ ಬದಲಿಸೋಣ ಎಂದರೆ ಒಪ್ಪಬೇಡಿ. ಬದಲಿಸಲೇಬೇಕಾಗಿ ಬಂದರೂ ತೆಗೆದ ಹಳೆಯ ಕಾಯಿಲನ್ನು ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಿ.