ಸುಕುಮಾರಸ್ವಾಮಿಯ ಕಥೆ: ಕರ್ಮ, ಸಹನೆ ಮತ್ತು ಶ್ರಾವಕಧರ್ಮ

ನಿರಪರಾಧಿಗೆ ಒದಗುವ ದುಃಖವನ್ನು ಕಂಡಾಗ ಲೋಕದ ಅನೇಕ ಮತಧರ್ಮಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ದೇವರು ಇದನ್ನು ಹೇಗೆ ಸಹಿಸಿದ? ಜೈನದರ್ಶನದಲ್ಲಿ ಈ ಪ್ರಶ್ನೆಗೆ ಈ ರೂಪದಲ್ಲಿ ಅವಕಾಶವಿಲ್ಲ. ಜಿನನು ವೀತರಾಗ. ಆತನು ಸುಖವನ್ನು ಕೊಡುವವನೂ ಅಲ್ಲ, ದುಃಖವನ್ನು ಕಳಿಸುವವನೂ ಅಲ್ಲ. ಆದುದರಿಂದ ಜಿನನಲ್ಲಿಡುವ ಶ್ರದ್ಧೆ ಪ್ರತಿಫಲವನ್ನು ಅವಲಂಬಿಸಿದುದಲ್ಲ. ಅದು ಆತ್ಮಸ್ವರೂಪದಲ್ಲಿ, ಸನ್ಮಾರ್ಗದಲ್ಲಿ ಇಡುವ ಅಚಲ ವಿಶ್ವಾಸ. ಆದರೆ ದೇವರ ಮೇಲೆ ಹೊರಿಸಲಾಗದ ಹೊರೆಯನ್ನು ನೊಂದವನ ಹೆಗಲಿಗೇ ಹೊರಿಸುವ ಮಾತೊಂದು ಜನರಲ್ಲಿ ಬಳಕೆಯಲ್ಲಿದೆ: ‘ಎಲ್ಲವೂ ಪೂರ್ವಕರ್ಮ.’ ಸಿದ್ಧಾಂತವಾಗಿ ಸರಿಯಾದ ಈ ಮಾತು, ಸಾವಿನ ಮನೆಯ ಜಗಲಿಯಲ್ಲಿ ಕುಳಿತು ಆಡಿದಾಗ ಧರ್ಮವಾಗಿ ಉಳಿಯುವುದೇ? ಕನ್ನಡದ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದುವ ಅಗತ್ಯವಿದೆ.

ಸುಮಾರು ಹತ್ತನೆಯ ಶತಮಾನದ ಆದಿಭಾಗದ್ದೆಂದು ಭಾವಿಸಲಾಗಿರುವ ಈ ಕೃತಿಯ ಕರ್ತೃವನ್ನು ಶಿವಕೋಟ್ಯಾಚಾರ್ಯನೆಂದೂ ಭ್ರಾಜಿಷ್ಣುವೆಂದೂ ವಿದ್ವಾಂಸರು ಹೇಳುತ್ತಾರೆ. ಇದರಲ್ಲಿರುವ 19 ಕಥೆಗಳಲ್ಲಿ ಉಪಸರ್ಗ, ಪರೀಷಹಗಳನ್ನು ಸಹಿಸಿ ಸಮಾಧಿಮರಣವನ್ನು ಪಡೆದ ಮಹಾಪುರುಷರ ಚರಿತ್ರೆಗಳಿವೆ. ಮೊದಲನೆಯದೇ ಸುಕುಮಾರಸ್ವಾಮಿಯ ಕಥೆ.

ಉಜ್ಜಯಿನಿಯ ಶ್ರೇಷ್ಠಿಪುತ್ರ ಸುಕುಮಾರನ ಮೈ ಅತಿ ಕೋಮಲ. ಆಸನದ ಮೇಲೆ ಬಿದ್ದ ಸಾಸಿವೆಯ ಕಾಳು ಅವನಿಗೆ ಒತ್ತುತ್ತದೆ. ಆರತಿಯ ಬೆಳಕಿಗೆ ಕಣ್ಣಲ್ಲಿ ನೀರಾಡುತ್ತದೆ. ತಾವರೆಯಲ್ಲಿಟ್ಟು ಬೇಯಿಸಿದ ಅಕ್ಕಿಯ ಅನ್ನವಲ್ಲದೆ ಬೇರೆ ಅಗುಳು ಗಂಟಲಿಗಿಳಿಯದು. ಅಂಥವನು ತನ್ನ ಆಯುಸ್ಸು ಮೂರೇ ದಿನವೆಂದು ತಿಳಿದು, ದೀಕ್ಷೆಗೊಂಡು, ನೆತ್ತರು ಒಸರುವ ಪಾದಗಳಿಂದ ನಡೆದುಹೋಗಿ ಧ್ಯಾನದಲ್ಲಿ ನಿಲ್ಲುತ್ತಾನೆ. ಮರಿಗಳೊಡನೆ ಬಂದ ಹೆಣ್ಣುನರಿ ಅವನನ್ನು ಕಾಲಿನಿಂದ ತಿನ್ನತೊಡಗುತ್ತದೆ. ಅವನು ಕದಲುವುದಿಲ್ಲ. ಆ ನರಿ ಹಿಂದೊಂದು ಭವದಲ್ಲಿ ಅವನ ಅತ್ತಿಗೆ. ವಾಯುಭೂತಿ ಎಂಬ ಹೆಸರಿನಿಂದಿದ್ದ ಅವನು ಆಗ ಅವಳನ್ನು ಒದೆದಿದ್ದನು. ಒದೆದ ಕಾಲನ್ನೇ ತಿನ್ನುವೆನೆಂದು ಅವಳು ಸಂಕಲ್ಪಿಸಿದ್ದಳು.

ಈ ಕಥೆಯನ್ನು ಕೇವಲ ಲೆಕ್ಕದ ಪುಸ್ತಕದಂತೆ ಓದುವುದು ಸುಲಭ: ಒದೆದವನು ತಿನ್ನಲ್ಪಟ್ಟನು, ಲೆಕ್ಕ ಚುಕ್ತಾ ಆಯಿತು. ಆದರೆ ಕಥನಕಾರನ ವಿವೇಕ ಇದಕ್ಕಿಂತ ಆಳವಾದುದು. ಈ ಕಥೆಯಲ್ಲಿ ಭವಾವಳಿಯನ್ನು ತೆರೆದು ಹೇಳುವವನು ಯಾರು? ವಾಯುಭೂತಿಯಿಂದ ನಿಂದೆಗೊಳಗಾಗಿದ್ದ ಸೂರ್ಯಮಿತ್ರ ಮುನಿಯೇ. ಆತನು ಹೇಳುವುದು ಹಲವು ನೀಚ ಜನ್ಮಗಳನ್ನು ಕಳೆದು ನಾಗಶ್ರೀ ಎಂಬ ಕನ್ನೆಯಾಗಿ ಹುಟ್ಟಿರುವ ಆ ಜೀವವನ್ನು ಮೇಲೆತ್ತುವುದಕ್ಕಾಗಿ. ಹಳೆಯ ಅಪಮಾನಕ್ಕೆ ಉತ್ತರ ಕೊಡುವುದಕ್ಕಾಗಿ ಅಲ್ಲ. ಇನ್ನು ನರಿಯು ತಿನ್ನುವ ಘಳಿಗೆಯಲ್ಲಿ ಅದರ ಗುರುತು ತಿಳಿದಿರುವುದು ಓದುಗನಿಗೆ. ನೋಯುತ್ತಿರುವವನ ಪಕ್ಕದಲ್ಲಿ ನಿಂತು ‘ಇದು ನಿನ್ನ ಕರ್ಮಫಲ’ ಎನ್ನುವ ಪಾತ್ರವೊಂದನ್ನು ಕವಿ ಅಲ್ಲಿ ತಂದಿಲ್ಲ. ಕರ್ಮದ ಅರಿವು ಸಹಿಸುವವನ ಕೈಯ ಊರುಗೋಲು. ನೋಡುವವನ ಕೈಯ ದೊಣ್ಣೆಯಲ್ಲ.

ಕಥೆಯಲ್ಲಿ ಕೊರತೆಯೂ ಇಲ್ಲದಿಲ್ಲ. ಮುನಿಯ ಬಳಿ ಹೋಗಿ ಕ್ಷಮೆ ಬೇಡೆಂದು ಮೈದುನನಿಗೆ ಹಿತ ಹೇಳಹೋದ ಅತ್ತಿಗೆಗೆ ದೊರೆತದ್ದು ಒದೆ. ಆ ಘಳಿಗೆಯಲ್ಲಿ ನ್ಯಾಯವೆಲ್ಲ ಅವಳ ಕಡೆಗಿತ್ತು. ಅನ್ಯಾಯಕ್ಕೊಳಗಾದವಳು ಅವಳು, ಆದರೆ ವೈರವನ್ನು ಬಿಡಲಾರದೆ ತಿರ್ಯಂಚಗತಿಗೆ ಇಳಿದವಳೂ ಅವಳೇ. ಒದೆದವನ ಏಳಿಗೆಯನ್ನು ಭವಭವಗಳಲ್ಲಿ ಹಿಂಬಾಲಿಸುವ ಕಥೆ, ಒದೆಸಿಕೊಂಡವಳ ಸಂಕಟವನ್ನು ಒಂದು ಮಾತಿನಲ್ಲಿ ಮುಗಿಸುತ್ತದೆ. ದ್ವೇಷ ಹಿಡಿದವರನ್ನೇ ಸುಡುತ್ತದೆಂಬ ತತ್ತ್ವ ಸತ್ಯವೇ ಸರಿ. ಆದರೆ ಅವಳು ಅಳುವ ಹೊತ್ತಿನಲ್ಲಿ ಬಳಿ ನಿಂತು ಸಂತೈಸುವವರು ಯಾರಾದರೂ ಇದ್ದಿದ್ದರೆ ಆ ಸಂಕಲ್ಪ ಹುಟ್ಟುತ್ತಿತ್ತೇ ಎಂಬುದನ್ನು ಇಂದಿನ ಓದುಗನು ಕೇಳಿಕೊಳ್ಳಲೇಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಭೇದವಿದೆ. ಮುನಿಯು ಪರೀಷಹವನ್ನು ತಾನಾಗಿ ಸ್ವೀಕರಿಸಿದವನು. ಗೃಹಸ್ಥನಿಗೆ ಕಷ್ಟ ಕೇಳದೆ ಬರುತ್ತದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಹರಡಿ ಜೀವಗಳನ್ನೂ ತೆಗೆದುಕೊಂಡಿತು. ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುವ ಜ್ವರವಿದು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು, ತಲೆಮಾರುಗಳ ಅಡಿಕೆ ತೋಟಗಳು ಮಣ್ಣುಪಾಲಾದುವು. ದುಡಿಯಲು ಹೋದವನು ಜ್ವರದಿಂದ ಮಲಗಿದಾಗ, ತೋಟ ನಂಬಿದವನ ಕಾಲಡಿಯ ನೆಲವೇ ಜಾರಿದಾಗ, ಸುಕುಮಾರಸ್ವಾಮಿಯ ಸಹನೆಯನ್ನು ಅವನಿಗೆ ಬೋಧಿಸುವುದು ಕಥೆಯ ದುರುಪಯೋಗ. ಮಹಾವ್ರತಿಯಿಂದ ನಿರೀಕ್ಷಿಸಬೇಕಾದುದನ್ನು ಅಣುವ್ರತಿಯಿಂದ ಕೇಳುವುದು ಶಾಸ್ತ್ರಸಮ್ಮತವೂ ಅಲ್ಲ.

ಹಾಗಾದರೆ ಶ್ರಾವಕನಿಗೆ ಆದರ್ಶ ಎಲ್ಲಿದೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳಿ, ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಅವನ ಕಥೆ ಪ್ರಸಿದ್ಧ. ದೇವನೊಬ್ಬನು ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ವಾಂತಿ ಮಾಡುತ್ತಾನೆ. ದುರ್ಗಂಧಕ್ಕೆ ಪರಿಜನರು ಓಡುತ್ತಾರೆ. ರಾಜನಾದರೋ, ತಾನಿತ್ತ ಆಹಾರದಲ್ಲಿಯೇ ದೋಷವಿದ್ದಿತೇನೋ ಎಂದು ಪರಿತಪಿಸಿ ಮುನಿಯ ಮೈಯನ್ನು ತೊಳೆಯುತ್ತಾನೆ. ರೋಗಿಯ ಕರ್ಮವನ್ನು ಅಳೆಯದೆ ತನ್ನ ಕೈಯ ತಪ್ಪನ್ನು ಹುಡುಕಿದ್ದೇ ಅವನ ಸಮ್ಯಕ್ತ್ವ. ಶ್ರದ್ಧೆಯಿಂದ ಜಾರುವವನನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣ, ಸಹಧರ್ಮಿಯಲ್ಲಿ ತೋರುವ ವಾತ್ಸಲ್ಯ, ಇವೂ ಅದೇ ಎಂಟರಲ್ಲಿ ಸೇರಿವೆ. ಎಂದರೆ ನೊಂದವನ ಶ್ರದ್ಧೆ ಉಳಿಯುವುದು ಅವನೊಬ್ಬನ ಹೊಣೆಯಲ್ಲ. ನೆರೆಯವರ ಸಮ್ಯಕ್ತ್ವಕ್ಕೂ ಅದು ಪರೀಕ್ಷೆ.

ಸಮಂತಭದ್ರರ ಜೀವನವೂ ಇದಕ್ಕೆ ಸಾಕ್ಷಿ. ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ರೋಗ ಶಮನವಾಗುವವರೆಗೆ ದೀಕ್ಷಾನಿಯಮವನ್ನು ಬದಿಗಿಡಲು ಹೇಳಿದರೆಂದು ಪರಂಪರೆ ಸ್ಮರಿಸುತ್ತದೆ. ಕರ್ಮಸಿದ್ಧಾಂತವನ್ನು ಬಲ್ಲ ಗುರುವು ಶಿಷ್ಯನಿಗೆ ಮೊದಲು ಕೊಟ್ಟುದು ಉಪದೇಶವಲ್ಲ, ಬದುಕುವ ದಾರಿ.

ಶಿರಸಿ ತಾಲ್ಲೂಕಿನ ಸೋಂದೆಯ ಸ್ವಾದಿ ಜೈನಮಠ, ಸಿದ್ದಾಪುರ ತಾಲ್ಲೂಕಿನ ಬಿಳಗಿಯ ರತ್ನತ್ರಯ ಬಸದಿ ಈ ಮಲೆನಾಡಿನಲ್ಲಿ ಜಿನಧರ್ಮದ ಹಳೆಯ ನೆಲೆಗಳು. ಇಂಥ ಸೀಮೆಯಲ್ಲಿ ಶಾಸ್ತ್ರಪಠಣಕ್ಕೆ ಕೊರತೆಯಾಗಬಾರದು. ಸುಕುಮಾರಸ್ವಾಮಿಯ ಕಥೆಯೂ ಬಸದಿಗಳಲ್ಲಿ ಕೇಳಿಬರಬೇಕು. ಆದರೆ ಆಪತ್ತಿನ ಮನೆಗೆ ಅದನ್ನು ಹೊತ್ತೊಯ್ಯುವ ಮೊದಲು ಔಷಧ, ಅನ್ನ, ಜೊತೆಗೆ ಕೂರುವ ಜನ ಅಲ್ಲಿಗೆ ತಲುಪಿರಬೇಕು. ಬಸದಿಯ ಧರ್ಮದರ್ಶಿ ಮಂಡಳಿಗಳು ಪೂಜೆಯ ವೆಚ್ಚಕ್ಕೆ ತೆಗೆದಿಡುವಂತೆ ವೈಯಾವೃತ್ತ್ಯಕ್ಕೂ ಒಂದು ಪಾಲನ್ನು ತೆಗೆದಿಡುವುದು ದಾನವಲ್ಲ, ದರ್ಶನಾಚಾರ. ಆ ಮೇಲೆ ನೊಂದವನು ತಾನಾಗಿ ಆ ಕಥೆಯನ್ನು ಕೇಳಬಯಸಿದರೆ, ಸುಕುಮಾರಸ್ವಾಮಿಯ ಸಹನೆ ಅವನಿಗೆ ಆಸರೆಯಾದೀತು.